ತಾಳಿದವನು ಔಟಾದಾನು

ಪೋಕರ್ ಆಟವನ್ನು ನಾನು ಪುಸ್ತಕ ಓದಿ ಕಲಿತೆ. ಆನ್‌ಲೈನಿನಲ್ಲಿ ನನ್ನೆದುರು ಕೂರುವವರು ಅದನ್ನು ಕಲಿಯದೆಯೇ ಆಡುತ್ತಾರೆ. ಗೆಲ್ಲುವವರು ಅವರು. ಇಷ್ಟಕ್ಕೇ ಲೇಖನ ಮುಗಿಸಬಹುದಿತ್ತು. ಆದರೆ ಪುಸ್ತಕ ಓದಿ ಸೋತವನಿಗೆ ಸೋಲನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಲು ಬರುವುದಿಲ್ಲ, ಕಾರಣ ಸಮೇತ ವಿವರಿಸಬೇಕು ಅನ್ನಿಸುತ್ತದೆ. ಮನೆಯಲ್ಲಿ ಕೇಳುವವರಿಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರಿಗೂ ಗುಟ್ಟಾಗಿ ಎರಡು ಇಸ್ಪೀಟೆಲೆ ಸಿಗುತ್ತವೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆದುಕೊಳ್ಳುತ್ತವೆ, ಮೊದಲು ಮೂರು, ಆಮೇಲೊಂದು, ಕೊನೆಗೊಂದು. ಈ ಏಳರಲ್ಲಿ ಯಾರ ಐದು ಎಲೆ ದೊಡ್ಡದೋ ಪಣವೆಲ್ಲ ಅವರದು. ಟೂರ್ನಮೆಂಟಿನಲ್ಲಿ ಎಲ್ಲರಿಗೂ ಸಮನಾಗಿ ಚಿಪ್ಸ್ ಕೊಟ್ಟಿರುತ್ತಾರೆ. ಅದು ಮುಗಿದವರು ಔಟು. ಎಲೆ ಚೆನ್ನಾಗಿಲ್ಲವೆಂದರೆ ಕೆಳಗಿಟ್ಟು ಸುಮ್ಮನಿರಬಹುದು. ಇಲ್ಲವೆ ಒಂದೇ ಒಂದು ಗುಂಡಿ ಒತ್ತಿ, ಇದ್ದಬದ್ದುದನ್ನೆಲ್ಲ ಒಮ್ಮೆಗೇ ನಡುವೆ ಸುರಿದುಬಿಡಬಹುದು. ಅದರ ಹೆಸರು ಆಲ್ ಇನ್. ನನ್ನ ಕಷ್ಟವೆಲ್ಲ ಆ ಒಂದು ಗುಂಡಿಯದು.

ನನ್ನ ಪೋಕರ್ ಜೀವನಕ್ಕೂ ಈ ದೇಶದ ಕಾನೂನಿಗೂ ಹತ್ತಿರದ ನಂಟಿದೆ. 2021ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಬಾಗಿಲು ಹಾಕಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಪ್ರೇಮಿಗಳ ದಿನದಂದು ಹೆಂಡತಿಗೆ ನಾನು ಸಂಭ್ರಮದಿಂದ ಓದಿ ಹೇಳಿದ್ದು ಆ ತೀರ್ಪಿನ ಸುದ್ದಿಯನ್ನು. ಅವಳು ಪೂರ್ತಿ ಕೇಳಿಸಿಕೊಂಡು, "ಹೂ ತಂದಿದ್ದೀರಾ?" ಅಂದಳು. 2023ರ ಅಕ್ಟೋಬರ್ 1ರಿಂದ ಕಟ್ಟುವ ಹಣದ ಮೇಲೆ ಶೇ 28ರಷ್ಟು ಜಿಎಸ್‌ಟಿ ಬಂತು. ನಾನಾಡುತ್ತಿದ್ದದ್ದು ಇಪ್ಪತ್ತೈದು ರೂಪಾಯಿಯ ಟೂರ್ನಮೆಂಟು. ಸರ್ಕಾರಕ್ಕೆ ನನ್ನಿಂದ ಆದ ಆದಾಯದಲ್ಲಿ ರಸ್ತೆಯ ಒಂದು ಗುಂಡಿಯನ್ನೂ ಮುಚ್ಚಲಾಗುತ್ತಿರಲಿಲ್ಲ. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಇಡೀ ದೇಶಕ್ಕೆ ಕಾಯ್ದೆ ಮಾಡಿ ಹಣದ ಆಟಗಳನ್ನೆಲ್ಲ ನಿಲ್ಲಿಸಿತು. ಈಗ ನನಗೆ ಉಳಿದಿರುವುದು ಬಿಟ್ಟಿ ಚಿಪ್ಸಿನ ಟೂರ್ನಮೆಂಟು. ಗೆದ್ದರೆ ಕಾಸಿಲ್ಲ, ಸೋತರೆ ಖರ್ಚಿಲ್ಲ, ಮಾನವೊಂದೇ ಪಣ. ಅದಕ್ಕೆ ಜಿಎಸ್‌ಟಿಯೂ ಇಲ್ಲದ್ದರಿಂದ ಧಾರಾಳವಾಗಿ ಕಟ್ಟುತ್ತೇನೆ.

ಇಪ್ಪತ್ತೈದು ರೂಪಾಯಿ ಕಟ್ಟಿದವರೇ ಹಿಂದೆಮುಂದೆ ನೋಡುತ್ತಿರಲಿಲ್ಲ. ಇನ್ನು ಬಿಟ್ಟಿ ಆಟಕ್ಕೆ ಬಂದವರ ಬಗ್ಗೆ ಏನು ಹೇಳುವುದು? ಆಟ ಶುರುವಾಗಿ ಮೊದಲ ಎಲೆ ಬಿದ್ದಿರುವುದಿಲ್ಲ, ಸಿಂಹದ ಚಿತ್ರ ಹಾಕಿಕೊಂಡ ಒಬ್ಬ ಆಲ್ ಇನ್ ಒತ್ತುತ್ತಾನೆ. ಅವನ ಪಕ್ಕದವನಿಗೆ ಇದು ತನ್ನ ವಂಶಕ್ಕೇ ಹಾಕಿದ ಸವಾಲು, ಅವನೂ ಒತ್ತುತ್ತಾನೆ. ಮೂರನೆಯವನಿಗೆ ಜಗಳವಿಲ್ಲ, ಕುತೂಹಲ. "ಏನಾಗುತ್ತದೋ ನೋಡೇಬಿಡೋಣ" ಎಂದು ಏಳು-ಎರಡು ಹಿಡಿದುಕೊಂಡು ಸೇರಿಕೊಳ್ಳುತ್ತಾನೆ. ಮೇಜಿನಲ್ಲಿ ಇನ್ನೊಬ್ಬನಿರುತ್ತಾನೆ, ಹೆಸರು ಕೊಟ್ಟು ಫೋನು ಪಕ್ಕಕ್ಕಿಟ್ಟು ಎಲ್ಲೋ ಹೋದವನು. ಅವನ ಎಲೆಗಳು ತಾವಾಗಿ ಕೆಳಗೆ ಬೀಳುತ್ತಿರುತ್ತವೆ, ಚಿಪ್ಸ್ ಮೆಲ್ಲಗೆ ಸವೆಯುತ್ತಿರುತ್ತದೆ. ನಾನು ಔಟಾಗಿ ಪಟ್ಟಿ ನೋಡುವಾಗ, ಆಡಲೇ ಇಲ್ಲದ ಆ ಮಹಾನುಭಾವನ ಹೆಸರು ನನಗಿಂತ ಮೇಲಿರುತ್ತದೆ.

ಇಂಥವರನ್ನು ಹೇಗೆ ಎದುರಿಸಬೇಕು ಎನ್ನುವುದಕ್ಕೆ ಪುಸ್ತಕಗಳಲ್ಲಿ ಸ್ಪಷ್ಟ ಉತ್ತರವಿದೆ. ಒಂದನೆಯದು, ಬ್ಲಫ್ ಮಾಡಬಾರದು. ಎಲೆ ಕೆಳಗಿಡುವ ಅಭ್ಯಾಸ ಇದ್ದವನನ್ನು ಮಾತ್ರ ಹೆದರಿಸಲು ಸಾಧ್ಯ. ಎರಡನೆಯದು, ಒಳ್ಳೆಯ ಕೈ ಬರುವ ತನಕ ಕಾಯಬೇಕು: ಎಂಟರ ಜೋಡಿಯಿಂದ ಮೇಲಿನದು, ಎಕ್ಕ-ರಾಜ, ಎಕ್ಕ-ರಾಣಿ, ಇಷ್ಟು. ಮೂರನೆಯದು, ಆಲ್ ಇನ್ ಹಾಕಿದವನ ಮೇಲೆ ನಾವೂ ಆಲ್ ಇನ್ ಹಾಕಿ ಉಳಿದವರನ್ನು ಹೆದರಿಸಿ ಓಡಿಸಬೇಕು, ಅವನನ್ನು ಒಂಟಿ ಮಾಡಬೇಕು. ಮೂರೂ ಸರಿಯೇ. ಆದರೆ ನನ್ನ ಮೇಜಿನಲ್ಲಿ ಉಳಿದವರು ಓಡುವುದಿಲ್ಲ. ಬೀದಿಯಲ್ಲಿ ನಾಲ್ಕು ಜನ ಸಾಲುಗಟ್ಟಿ ನಿಂತರೆ ಐದನೆಯವನು ಯಾಕೆಂದು ಕೇಳದೆ ಬಂದು ನಿಲ್ಲುವಂತೆ, ಇಬ್ಬರು ಹಾಕಿದ್ದಾರೆಂದರೆ ಏನೋ ವಿಶೇಷ ಇರಬೇಕೆಂದು ಎಲ್ಲರೂ ಬರುತ್ತಾರೆ.

ಇದರ ಲೆಕ್ಕವೂ ಪುಸ್ತಕದಲ್ಲಿದೆ. ಎರಡೆಲೆಯ ಕೈಗಳು ಒಟ್ಟು 1,326. ಸಮಾನ ಬೆಲೆಯವನ್ನು ಒಟ್ಟುಗೂಡಿಸಿದರೆ 169 ಬಗೆ. ಅವುಗಳಲ್ಲಿ ದೊಡ್ಡದಾದ ಎಕ್ಕದ ಜೋಡಿ ಸರಾಸರಿ 221 ಕೈಗೆ ಒಮ್ಮೆ ಬರುತ್ತದೆ. ಅಂಥ ಜೋಡಿ ಬಂದ ಹೊತ್ತಿಗೆ ಎದುರಿಗೊಬ್ಬ ಎಲೆಯನ್ನೇ ನೋಡದೆ ಆಲ್ ಇನ್ ಹಾಕಿದರೆ, ನಾನು ಗೆಲ್ಲುವ ಸಾಧ್ಯತೆ ನೂರಕ್ಕೆ 85. ಹಾಗೆ ನಾಲ್ವರು ಹಾಕಿದರೆ ಅದು 56ರ ಆಸುಪಾಸಿಗೆ ಇಳಿಯುತ್ತದೆ. ನಾಲ್ವರಲ್ಲಿ ಒಬ್ಬೊಬ್ಬನೂ ನನಗಿಂತ ಬಡವ, ಆದರೆ ಯಾರಾದರೊಬ್ಬನಿಗೆ ಅದೃಷ್ಟ ಒಲಿದರೆ ಸಾಕು. ಒಬ್ಬ ಹುಚ್ಚನನ್ನು ಗಣಿತದಿಂದ ಎದುರಿಸಬಹುದು. ಹುಚ್ಚರ ಸಂತೆಯಲ್ಲಿ ಗಣಿತದವನೇ ಹುಚ್ಚ.

ಸೆಕೆಂಡ್ ಪಿಯುಸಿ ಓದುವ ಮಗಳು ನನಗೆ ಇದಕ್ಕಿಂತ ಕ್ರೂರವಾದ ಲೆಕ್ಕವೊಂದನ್ನು ತೋರಿಸಿದಳು. ಸಂಭವನೀಯತೆಯ ಪಾಠ ಓದಿಕೊಳ್ಳುತ್ತಿದ್ದವಳು ಉದಾಹರಣೆ ಬೇಕೆಂದು ನನ್ನನ್ನೇ ತೆಗೆದುಕೊಂಡಳು.

"ಅಪ್ಪ, ಪ್ರತಿ ಸಲ ನೀನು ಸರಿಯಾದ ಎಲೆ ಇಟ್ಕೊಂಡೇ ಆಡ್ತೀಯ ಅಂತ ಇಟ್ಕೊಳ್ಳೋಣ. ಗೆಲ್ಲೋ ಸಾಧ್ಯತೆ ನೂರಕ್ಕೆ ಎಂಬತ್ತು ಅನ್ನೋಣ. ಒಂದು ಟೂರ್ನಮೆಂಟಲ್ಲಿ ಐದು ಜನ ಆಲ್ ಇನ್ ಹಾಕಿದವರನ್ನ ಒಬ್ಬರಾದ ಮೇಲೆ ಒಬ್ಬರನ್ನ ದಾಟಬೇಕು."

"ದಾಟ್ತೀನಿ."

"ಸೊನ್ನೆ ಪಾಯಿಂಟ್ ಎಂಟನ್ನ ಐದು ಸಲ ಗುಣಿಸು. ಮೂವತ್ತಮೂರು ಪರ್ಸೆಂಟೂ ಇಲ್ಲ. ಅಂದ್ರೆ ಏನೂ ತಪ್ಪು ಮಾಡದೇ ಇದ್ರೂ ಮೂರರಲ್ಲಿ ಎರಡು ಸಲ ನೀನು ಔಟು."

"ತಪ್ಪು ಮಾಡಿದ್ರೆ?"

"ಅದು ಸಿಲಬಸ್ಸಲ್ಲಿ ಇಲ್ಲ."

ಕಾಯುವುದೂ ಬಿಟ್ಟಿಯಲ್ಲ. ಸರದಿಯ ಮೇಲೆ ಒಬ್ಬೊಬ್ಬರೂ ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಇಷ್ಟು ಚಿಪ್ಸ್ ಹಾಕಲೇಬೇಕು, ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ಕೆಲವು ನಿಮಿಷಕ್ಕೊಮ್ಮೆ ಅದು ಏರುತ್ತಾ ಹೋಗುತ್ತದೆ. ಎಕ್ಕದ ಜೋಡಿ ಬರಲಿ ಎಂದು ತಪಸ್ಸಿಗೆ ಕೂತವನ ಚಿಪ್ಸೆಲ್ಲ ಬ್ಲೈಂಡಿನಲ್ಲೇ ಕರಗಿ, ಜೋಡಿ ಬರುವ ಹೊತ್ತಿಗೆ ಪಣಕ್ಕಿಡಲು ಚಿಲ್ಲರೆ ಮಾತ್ರ ಉಳಿದಿರುತ್ತದೆ. ತಾಳಿದವನು ಬಾಳಿಯಾನು ಎಂದ ಹಿರಿಯರು ಬ್ಲೈಂಡ್ ಕಟ್ಟಿ ತಾಳಿದವರಲ್ಲ.

ಮನೆಯಲ್ಲೂ ನನ್ನ ತಾಳ್ಮೆಗೆ ಬೆಲೆ ತೆರಬೇಕಾಗಿದೆ. "ಹಾಲು ಇಟ್ಟಿದ್ದೀನಿ, ಸ್ವಲ್ಪ ನೋಡ್ತಿರಿ" ಎಂದು ಹೇಳಿ ಹೆಂಡತಿ ಬಟ್ಟೆ ತರಲು ಮಹಡಿಗೆ ಹೋಗಿದ್ದಳು. ನೋಡುತ್ತಲೇ ಇದ್ದೆ. ಅಷ್ಟರಲ್ಲಿ ರಾಜನ ಜೋಡಿ ಬಂತು, ಸಿಂಹದವನು ಒತ್ತಿದ, ನಾನೂ ಒತ್ತಿದೆ. ಅವನದು ನಾಲ್ಕು-ಆರು. ಮೊದಲ ಮೂರೆಲೆಯಲ್ಲಿ ನಾಲ್ಕೂ ಇತ್ತು, ಆರೂ ಇತ್ತು. ನಾನು ಔಟಾಗಿ ತಲೆಯೆತ್ತುವ ಹೊತ್ತಿಗೆ ಒಲೆಯ ಮೇಲಿನಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಬಿಳಿ ಹೊಳೆ ಇಳಿಯುತ್ತಿತ್ತು. ಬಕೆಟ್ಟು ಕೈಗಿಡುತ್ತಾ ಅವಳು ಹೇಳಿದ್ದು ಇಷ್ಟೇ: "ನಿಮ್ಮದು ಆಲ್ ಇನ್ನು, ನಮ್ಮದು ಹಾಲ್ ಔಟು."

ಅವಳು ಸಹಕಾರಿ ಬ್ಯಾಂಕೊಂದರ ಸಾಲದ ವಿಭಾಗದಲ್ಲಿದ್ದಾಳೆ. ಹೀಗಾಗಿ ಸೋಲುವವರ ಮುಖಲಕ್ಷಣ ಅವಳಿಗೆ ದೂರದಿಂದಲೇ ಗೊತ್ತಾಗುತ್ತದೆ. ಕೋಳಿಕ್ಕೋಡಿನ ಐಐಎಂನಂಥ ಕಡೆಯಲ್ಲೇ ಪೋಕರನ್ನು ಪಾಠವಾಗಿ ಕಲಿಸಿದ್ದಾರೆ ಎಂದು ಒಮ್ಮೆ ಹೇಳಿನೋಡಿದೆ. "ಅಲ್ಲಿ ಸೀಟು ಸಿಕ್ಕಿದ ಮೇಲೆ ಆಡಿ" ಅಂದಳು. 2003ರಲ್ಲಿ ಅಮೆರಿಕದ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಆನ್‌ಲೈನಿನ ಸಣ್ಣ ಟೂರ್ನಮೆಂಟೊಂದರಿಂದ ಜಾಗ ಗಿಟ್ಟಿಸಿಕೊಂಡು ಹೋಗಿ, 839 ಜನರಿದ್ದ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯವನ್ನೇ ಗೆದ್ದು 25 ಲಕ್ಷ ಡಾಲರ್ ತಂದನೆಂಬ ಕತೆಯನ್ನೂ ಹೇಳಿದೆ. ಅವಳಿಗೆ ಆ ಡಾಲರಿಗಿಂತ ಅವನು ಲೆಕ್ಕಿಗ ಎಂಬುದೇ ಮುಖ್ಯವಾಯಿತು. "ಅವರಿಗೆ ಲೆಕ್ಕ ಬರ್ತಿತ್ತು ನೋಡಿ. ನಮ್ಮನೆ ಹಾಲಿನ ಲೆಕ್ಕ ಬರೆದು ಎಷ್ಟು ತಿಂಗಳಾಯ್ತು?"

ಮಹಾಭಾರತದ ಪ್ರಸ್ತಾಪವನ್ನು ತೆಗೆದದ್ದು ನನ್ನ ಅಮ್ಮ. ಜೂಜಿನ ಮಾತು ಬಂದ ಮನೆಯಲ್ಲಿ ಧರ್ಮರಾಯನನ್ನು ಕರೆಯದೆ ಬಿಡುವುದುಂಟೇ? ನಾನು ಆಕ್ಷೇಪಿಸಿದೆ. ಧರ್ಮರಾಯ ಆಲ್ ಇನ್ ಹಾಕಿದವನಲ್ಲ. ಮೊದಲು ಮಣಿಹಾರ, ಆಮೇಲೆ ರಥ, ಆನೆ, ಕುದುರೆ, ಆಮೇಲೆ ತಮ್ಮಂದಿರು ಎಂದು ಒಂದೊಂದಾಗಿ ಇಟ್ಟವನು. ಎಲ್ಲವನ್ನೂ ಒಮ್ಮೆಗೇ ಇಟ್ಟಿದ್ದರೆ ಒಂದೇ ದಾಳದಲ್ಲಿ ಇತ್ಯರ್ಥವಾಗಿ, ಸಭೆ ಬೇಗ ಮುಗಿಯುತ್ತಿತ್ತು. ಅಮ್ಮನಿಗೆ ವಾದ ರುಚಿಸಿದಂತೆ ಕಂಡಿತು. ಹೆಂಡತಿ ಮಾತ್ರ, "ಹೌದು, ಕಂತಿನಲ್ಲಿ ಮುಳುಗಿದವರನ್ನೇ ನಾವು ದಿನಾ ನೋಡೋದು" ಎಂದು ನನ್ನನ್ನು ನೋಡಿದಳು.

ನನ್ನ ಜಾಯಮಾನ ಧರ್ಮರಾಯನದು. ಸಿಂಹದವನ ಕೈಯಲ್ಲಿ ಸೋತಾಗಲೆಲ್ಲ ನಾನು ಎದ್ದು ಹೋಗುವುದಿಲ್ಲ. ಪಕ್ಕದ ಚಾಟ್ ಪೆಟ್ಟಿಗೆಯಲ್ಲಿ ಅವನಿಗೆ ಪಾಠ ಹೇಳುತ್ತೇನೆ. "ಗೆಳೆಯಾ, ನಾಲ್ಕು-ಆರರಲ್ಲಿ ಎಲ್ಲವನ್ನೂ ಹಾಕುವುದು ಗಣಿತದ ಪ್ರಕಾರ ತಪ್ಪು. ನನ್ನ ರಾಜನ ಜೋಡಿಯ ಎದುರು ನಿನಗಿದ್ದದ್ದು ಐದರಲ್ಲಿ ಒಂದು ಅವಕಾಶ." ಇಂಗ್ಲಿಷಿನಲ್ಲಿ, ವ್ಯಾಕರಣ ನೋಡಿಕೊಂಡು, ಪೂರ್ಣವಿರಾಮ ಹಾಕಿ ಬರೆಯುತ್ತೇನೆ. ಉತ್ತರವಾಗಿ ನಗುವ ಹಳದಿ ಮುಖವೊಂದು ಬರುತ್ತದೆ. ಪೋಕರ್ ಬಲ್ಲವರು ಇದನ್ನು ಮಾಡಲೇಬಾರದೆನ್ನುತ್ತಾರೆ. ತಪ್ಪಾಗಿ ಆಡುವವನಿಂದಲೇ ನಮಗೆ ಲಾಭ. ಅವನಿಗೆ ಬುದ್ಧಿ ಕಲಿಸಿದರೆ ನಮ್ಮ ಅನ್ನಕ್ಕೇ ಕಲ್ಲು. ಅವರೇನೋ ಹೇಳುತ್ತಾರೆ. ಆದರೆ ಆಟದಲ್ಲಿ ಸೋತವನಿಗೆ ಕೊನೆಗೆ ಉಪದೇಶದಲ್ಲಾದರೂ ಗೆಲ್ಲುವ ಅವಕಾಶ ಬೇಡವೇ?

ಅಮ್ಮ ಇರುವುದು ತೀರ್ಥಹಳ್ಳಿ ಕಡೆಯ ಊರಿನಲ್ಲಿ. ಮಳೆ ಜೋರಾದಾಗ ಮೈಸೂರಿಗೆ ನಮ್ಮಲ್ಲಿಗೆ ಬರುತ್ತಾಳೆ. ಪೋಕರ್ ಅವಳಿಗೆ ಗೊತ್ತಿಲ್ಲ, ಆದರೆ ಇಪ್ಪತ್ತೆಂಟು ಆಟದಲ್ಲಿ ಪಳಗಿದ ಕೈ. ಮದುವೆಮನೆಗಳಲ್ಲಿ ಧಾರೆ ಮುಗಿದು ಊಟದ ಕರೆ ಬರುವ ನಡುವೆ ಇಬ್ಬರು ಭಾವಂದಿರನ್ನೂ ಒಬ್ಬ ಪುರೋಹಿತರನ್ನೂ ಸೋಲಿಸಿ ಏಳುತ್ತಿದ್ದವಳು. ಆ ಆಟದ ಬೆಲೆಗಟ್ಟುವಿಕೆಯೇ ಬೇರೆ. ಎಲ್ಲಕ್ಕಿಂತ ದೊಡ್ಡವನು ಗುಲಾಮ, ಅವನಿಗೆ ಮೂರು. ಆಮೇಲೆ ಒಂಬತ್ತು, ಅದಕ್ಕೆ ಎರಡು. ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಯರಿಗೆ ಬರೀ ಸೊನ್ನೆ. ಒಂದೊಂದು ಬಣ್ಣಕ್ಕೆ ಏಳರಂತೆ ನಾಲ್ಕು ಬಣ್ಣಕ್ಕೆ ಇಪ್ಪತ್ತೆಂಟು. ರಾಜನ ಜೋಡಿ ಹಿಡಿದು ನಾನು ಬೀಗುವುದನ್ನು ಹಿಂದಿನಿಂದ ಇಣುಕಿ ನೋಡಿ, "ಎರಡೂ ಚಿಲ್ಲರೆ ಎಲೆ, ಅದ್ರಲ್ಲಿ ಎಂತ ಖುಷಿ ನಿಂಗೆ?" ಎಂದು ಕೇಳುತ್ತಿದ್ದಳು.

ಮೊನ್ನೆ ಸಂಜೆ ಆರು ಗಂಟೆಯ ಟೂರ್ನಮೆಂಟು ಶುರುವಾಗುತ್ತಿದ್ದಂತೆ ಕೆಳಗೆ ಗ್ಯಾಸಿನವನು ಕೂಗಿದ. ಫೋನು ಅಮ್ಮನ ಕೈಗೆ ಕೊಟ್ಟು, "ಏನೂ ಒತ್ತಬೇಡ, ಸುಮ್ನೆ ಹಿಡ್ಕೊಂಡಿರು" ಎಂದು ಹೇಳಿ ಖಾಲಿ ಸಿಲಿಂಡರು ಹೊತ್ತು ಇಳಿದೆ. ಅವನು ಕೋಡ್ ಕೇಳಿದ. ಕೋಡ್ ಬಂದಿದ್ದದ್ದು ಆ ಫೋನಿಗೇ.

"ಅಮ್ಮಾ, ಮೇಲುಗಡೆ ಮೆಸೇಜ್ ಬಂದಿರ್ತದೆ, ನಂಬರ್ ಓದು!"

ಬಾಲ್ಕನಿಯಿಂದ ಉತ್ತರ ಬಂತು. "ಗುಲಾಮ! ಒಂಬತ್ತು!"

ಗ್ಯಾಸಿನವನು ತನ್ನ ಫೋನಿನಿಂದ ತಲೆಯೆತ್ತಿದ. "ಸಾರ್, ಗುಲಾಮ ಅಂತ ಕೋಡ್ ಬರಲ್ಲ."

"ಅಮ್ಮಾ, ಎಲೆ ಅಲ್ಲ, ನಂಬರು!"

"ಎರಡೂ ಆಟೀನು ಮಾರಾಯ! ಇದನ್ನ ಬಿಡ್ಲಿಕ್ಕೆ ಆಗ್ತದಾ?"

ನಾನು ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಅವಳು ಅತಿ ದೊಡ್ಡ ಗುಂಡಿ ಯಾವುದೆಂದು ನೋಡಿ ಒತ್ತಿಯಾಗಿತ್ತು. ಎದುರಿಗಿದ್ದವನ ಎಲೆಗಳೂ ತೆರೆದುಕೊಂಡವು: ಎಕ್ಕದ ಜೋಡಿ. ಎಷ್ಟು ದಿನದಿಂದ ತಪಸ್ಸಿಗೆ ಕೂತಿದ್ದ ಪುಣ್ಯಾತ್ಮನೋ. ನಡುವೆ ಬಿದ್ದ ಮೊದಲ ಮೂರು ಎಲೆಗಳು ಒಂಬತ್ತು, ಮೂರು, ರಾಣಿ. ನಾಲ್ಕನೆಯದು ಐದು. ಕೊನೆಯದು ಗುಲಾಮ. ಎರಡು ಜೋಡಿ. ಅಮ್ಮನಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ. "ದೊಡ್ಡ ಎಲೆ ಇದ್ರೆ ಗೆಲ್ಲದೆ ಮತ್ತೆಂತ" ಅಂದಳು. ಕೆಳಗಿನಿಂದ ಗ್ಯಾಸಿನವನು ಇನ್ನೊಮ್ಮೆ ಕೂಗಿದ.

ಕೋಡ್ ಕೊಟ್ಟು, ಸಿಲಿಂಡರು ಏರಿಸಿ ಬಂದರೆ ಅಮ್ಮ ಚಾಟ್ ಪೆಟ್ಟಿಗೆಯನ್ನು ತೋರಿಸಿದಳು. "ಯಾರೋ ಎಂತದೋ ಉದ್ದಕ್ಕೆ ಬರ್ದಿದ್ದಾನೆ ನೋಡು." ಓದಿದೆ. ಗುಲಾಮ-ಒಂಬತ್ತರಲ್ಲಿ ಎಲ್ಲವನ್ನೂ ಹಾಕುವುದು ಗಣಿತದ ಪ್ರಕಾರ ತಪ್ಪು, ಎಕ್ಕದ ಜೋಡಿಯ ಎದುರು ಅದಕ್ಕಿರುವುದು ಐದರಲ್ಲಿ ಒಂದು ಅವಕಾಶ ಎಂದು ಇಂಗ್ಲಿಷಿನಲ್ಲಿ, ಪೂರ್ಣವಿರಾಮ ಸಮೇತ ಬರೆದಿದ್ದ.

"ಎಂತ ಹೇಳ್ತಾನೆ ಅವನು?"

"ನೀನು ಆಡಿದ್ದು ತಪ್ಪಂತೆ."

"ಪಾಪ, ಸೋತಿದಾನೆ. ಕಾಫಿ ಕುಡಿ ಅಂತ ಹೇಳು."

ಆಫೀಸಿನಿಂದ ಬಂದ ಹೆಂಡತಿ ಎಲ್ಲವನ್ನೂ ಕೇಳಿ ಬಹಳ ಹೊತ್ತು ನಕ್ಕಳು. ಆಮೇಲೆ ಬ್ಯಾಂಕಿನ ದನಿಯಲ್ಲಿ ಹೇಳಿದಳು. "ಇಷ್ಟು ದಿನ ನೀವು ಬೈಯ್ತಾ ಇದ್ದ ಸಿಂಹದವನೂ ಯಾರದೋ ಅತ್ತೆ ಇರಬಹುದು. ಅಥವಾ ಬಸ್ಸಲ್ಲಿ ಕೂತಿರೋ ಹುಡುಗ, ಮುಂದಿನ ಸ್ಟಾಪಲ್ಲಿ ಇಳೀಬೇಕು ಅವನು. ಬಿಟ್ಟಿ ಚಿಪ್ಸ್ ಕಳ್ಕೊಂಡ್ರೆ ಅವನಿಗೇನು ನಷ್ಟ? ನಷ್ಟ ಆಗೋದು ಟೈಮು. ಒಂದೋ ಬೇಗ ಡಬ್ಬಲ್ ಆಗ್ಬೇಕು, ಇಲ್ಲ ಬೇಗ ಹೋಗ್ಬೇಕು. ಅವನ ಲೆಕ್ಕ ಸರಿಯಾಗೇ ಇದೆ."

ಪುಸ್ತಕದ ಕಡೆಯಿಂದಲೂ ನನಗೆ ಬೆಂಬಲ ಸಿಗಲಿಲ್ಲ. ಪೋಕರಿಗೆ ಗಣಿತದ ಬುನಾದಿ ಹಾಕಿದವರಲ್ಲಿ ದೊಡ್ಡ ಹೆಸರು ಡೇವಿಡ್ ಸ್ಕ್ಲಾನ್ಸ್ಕಿಯದು. ಆಟದ ಗಂಧಗಾಳಿಯಿಲ್ಲದವರೊಬ್ಬರು ಘಟಾನುಘಟಿಗಳ ಟೂರ್ನಮೆಂಟಿಗೆ ಹೋಗಿ ಹೇಗೆ ಆಡಬೇಕೆಂಬ ಪ್ರಶ್ನೆಗೆ ಅವರು ಸೂತ್ರವೊಂದನ್ನು ಮಾಡಿಕೊಟ್ಟಿದ್ದರು: ಒಳ್ಳೆಯ ಕೈ ಬಂದರೆ ಮೊದಲೇ ಆಲ್ ಇನ್, ಇಲ್ಲದಿದ್ದರೆ ಕೆಳಗಿಡು, ನಡುವಿನ ದಾರಿಯೇ ಇಲ್ಲ. ಪಳಗಿದವನ ಜಾಣತನವೆಲ್ಲ ಇರುವುದು ಮುಂದೆ ಒಂದೊಂದೇ ಎಲೆ ತೆರೆಯುವಾಗ ಸ್ವಲ್ಪ ಸ್ವಲ್ಪವೇ ಪಣ ಏರಿಸುವುದರಲ್ಲಿ. ಮೊದಲೇ ಎಲ್ಲವನ್ನೂ ಸುರಿದರೆ ಆ ಜಾಣತನ ತೋರಿಸಲು ಅವನಿಗೆ ಜಾಗವೇ ಇರುವುದಿಲ್ಲ. ಇದನ್ನು ಓದಿದ ದಿನ ಅಡಿಗೆರೆ ಹಾಕಿದ್ದೆ, ಬೇರೆಯವರಿಗೆ ಅನ್ವಯಿಸುವ ಮಾತೆಂದು. ಅಮ್ಮ ಅಡಿಗೆರೆ ಹಾಕದೆಯೇ ಅನುಸರಿಸಿದ್ದಳು, ಗುಲಾಮನನ್ನು ಸ್ವಲ್ಪ ಮೇಲಕ್ಕೇರಿಸಿಕೊಂಡು.

ಹೆಂಡತಿಯ ಮಾತು ತಲೆಯಲ್ಲಿ ಕೊರೆಯತೊಡಗಿತು. ಗೆಲುವಿಗೆ ಬಹುಮಾನವಿಲ್ಲದ, ಸೋಲಿಗೆ ಖರ್ಚಿಲ್ಲದ ಮೇಜಿನಲ್ಲಿ ಎಂಟು ಜನ ಕೂತಿದ್ದೇವೆ. ಒಬ್ಬನಿಗೆ ಬಸ್ಸಿಳಿಯಬೇಕು, ಒಬ್ಬಳ ಮಗು ಎದ್ದಿದೆ, ಒಬ್ಬನ ಸಾಹೇಬರು ಬಂದರು, ಒಬ್ಬರ ಕುಕ್ಕರು ಕೂಗಿತು. ಅವರೆಲ್ಲ ಗುಂಡಿ ಒತ್ತಿ ತಮ್ಮ ತಮ್ಮ ಬದುಕಿಗೆ ಎದ್ದು ಹೋಗುತ್ತಾರೆ. ಎಕ್ಕದ ಜೋಡಿಗಾಗಿ 221 ಕೈ ಕಾಯಲು ಪುರಸೊತ್ತಿರುವವನು ಇಡೀ ಮೇಜಿನಲ್ಲಿ ನಾನೊಬ್ಬನೇ. ಅದನ್ನೇ ಇಷ್ಟು ದಿನ ಶಿಸ್ತು ಎಂದು ಕರೆದುಕೊಂಡಿದ್ದೆ. ಆಲ್ ಇನ್ ಹಾಕುವವರು ಹಾಕುವುದು ಚಿಪ್ಸನ್ನು ಮಾತ್ರ; ಸಂಜೆಗೆ ಸಂಜೆಯನ್ನೇ ಸುರಿಯುತ್ತಿದ್ದವನು ನಾನು. ಹಾಗೆ ನೋಡಿದರೆ ಆ ಮೇಜಿನ ಮಹಾ ದುಡುಕಿನ ಆಟಗಾರ ಯಾರೆಂದು ಮಗಳ ಸಹಾಯವಿಲ್ಲದೆಯೂ ಲೆಕ್ಕ ಹಾಕಬಹುದು.

ಈ ತತ್ವಜ್ಞಾನವನ್ನು ಅಮ್ಮನಿಗೆ ಹೇಳೋಣವೆಂದರೆ ಅವಳಿಗೆ ಪುರಸೊತ್ತಿರಲಿಲ್ಲ. ಗುಲಾಮ ಬಂದಾಗಲೆಲ್ಲ ಒತ್ತುತ್ತಾ, ಇಲ್ಲದಾಗ ಮಗಳು ತೋರಿಸಿಕೊಟ್ಟ ಗುಂಡಿಯಿಂದ ಎಲೆ ಕೆಳಗಿಡುತ್ತಾ, ಔಟಾಗದೆ ಉಳಿದವರೆಲ್ಲ ಸೇರುವ, ನಾನು ಈ ಜನ್ಮದಲ್ಲಿ ಕಂಡಿರದ ಕೊನೆಯ ಮೇಜಿಗೆ ಬಂದು ಕೂತಿದ್ದಳು. ಮಗಳು ಅವಳ ಭುಜಕ್ಕೊರಗಿ ಗುಲಾಮ ಬಂದರೆ ಚಪ್ಪಾಳೆ ತಟ್ಟುತ್ತಿದ್ದಳು. ಹೆಂಡತಿ ತಾನಾಗಿ ಅವಲಕ್ಕಿ ಕಲಸಿ ತಂದಿಟ್ಟಳು. ನನಗೆ ಇಂಥ ಉಪಚಾರ ನಡೆದ ನೆನಪಿಲ್ಲ. ಅಷ್ಟರಲ್ಲಿ ಏಳು ಗಂಟೆ ಹೊಡೆಯಿತು, ಟೀವಿಯಲ್ಲಿ ಅಮ್ಮನ ಧಾರಾವಾಹಿಯ ಹಾಡು ಶುರುವಾಯಿತು. ಸೊಸೆ ಜೈಲಿನಿಂದ ಬಿಡುಗಡೆಯಾಗುವ ದಿನ. ಅಮ್ಮ ಚಡಪಡಿಸಿ, ಎಲೆಯನ್ನು ನೋಡದೆಯೇ ಆಲ್ ಇನ್ ಒತ್ತಿದಳು, ಸೋತು ಎದ್ದು ಹೋಗೋಣವೆಂದು. ಮೂರು-ಎಂಟರಲ್ಲಿ ಮೂರು ಎಂಟು ಬಿದ್ದು ಗೆದ್ದಳು. ಮತ್ತೆ ಒತ್ತಿದಳು. ಮತ್ತೂ ಗೆದ್ದಳು. ಮುಂದೆ ಚಿಪ್ಸಿನ ರಾಶಿ, ಒಳಗೆ ಬಿಡುಗಡೆಯಾಗುತ್ತಿರುವ ಸೊಸೆ.

"ಎಂತ ಕರ್ಮ ಮಾರಾಯ, ಸೋಲ್ಲಿಕ್ಕೂ ಬಿಡದಿಲ್ಲ ಇದು!" ಎಂದು ರೇಗಿ, ಫೋನನ್ನು ನನ್ನ ಕೈಗೆ ತುರುಕಿದಳು. "ತಗೋ, ನೀನೇ ಕೂತು ಆಡು. ನಿಂಗೆ ಅಭ್ಯಾಸ ಇದೆ, ಬೇಗ ಮುಗಿಸ್ತೀಯ."